ಅವ್ವ-ಅಪ್ಪನ ಲಗ್ನ ಪಕ್ಕಾ ಆದದ್ದು

ನನ್ನ ಅಪ್ಪ ನಿವೃತ್ತರಾದ ವರ್ಷ ಅವರಿಗೆ ಇಬ್ಬರು ಹೆಂಡತಿಯರಿದ್ದಾರೆ ಎಂಬ ಸುದ್ದಿ ನಮ್ಮ ಓಣಿಯಲ್ಲೆಲ್ಲ ಹಬ್ಬಿತು. ಹಬ್ಬಿಸಿದವಳು ಬೇರೆ ಯಾರೂ ಅಲ್ಲ, ನಮ್ಮವ್ವ.

ನಾವಾಗ ಬೈಲಹೊಂಗಲದಲ್ಲಿದ್ದೆವು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿರಬೇಕು. ಅಪ್ಪ ಸುತ್ತಲಿನ ಹಳ್ಳಿಗಳಲ್ಲಿ ಮಾಸ್ತರಿಕೆ ಮಾಡಿ, ಕೊನೆಗೆ ಒಂದು ಶಾಲೆಯ ಹೆಡ್‌ಮಾಸ್ತರರಾಗಿ, ಶಾಲು ಹೊದಿಸಿಕೊಂಡು ಮನೆಗೆ ಬಂದಿದ್ದರು. ಎಲ್ಲ ವಿಷಯಗಳನ್ನೂ ಕಲಿಸುತ್ತಿದ್ದರಾದರೂ ಅವರ ಜೀವವೆಲ್ಲ ಕನ್ನಡದ ತಾಸಿನಲ್ಲಿತ್ತು. ಅದರಲ್ಲೂ ಸಮಾನಾರ್ಥಕ ಪದಗಳೆಂದರೆ ಮುಗಿದೇ ಹೋಯಿತು. ನಮ್ಮ ಮನೆಗೆ ಬಂದ ಯಾವ ಹುಡುಗನೂ ನೀರಿಗೆ ನಾಲ್ಕು ಹೆಸರು ಹೇಳದೆ ನೀರು ಕುಡಿದು ಹೋದದ್ದಿಲ್ಲ. ನಾನು ಅವರ ಒಬ್ಬಳೇ ಮಗಳು. ಬಿ.ಎ. ಮುಗಿಸಿ ಬಜಾರಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಲಗ್ನಪತ್ರಿಕೆಗಳನ್ನು ಟೈಪ್ ಮಾಡುತ್ತಿದ್ದೆ.

ಪೆನ್ಶನ್ ಕಾಗದಗಳ ಕೆಲಸಕ್ಕೆಂದು ಹೋಗಿದ್ದ ಅಪ್ಪ ಒಂದು ಮಧ್ಯಾಹ್ನ ಮುಖ ಬಾಡಿಸಿಕೊಂಡು ಬಂದರು. ಅಲ್ಲಿದ್ದ ಗುಮಾಸ್ತ ಅವರ ಕಾಗದಗಳನ್ನೆಲ್ಲ ತಿರುವಿ ಹಾಕಿ, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ದನಿ ಇಳಿಸಿ ಕೇಳಿದನಂತೆ: “ಮಾಸ್ತರ್ರ, ತಪ್ಪು ತಿಳ್ಕೋಬ್ಯಾಡ್ರಿ. ನಿಮಗ ಹೆಂಡ್ರು ಎಷ್ಟು ಮಂದಿ?”

ಸಂಗತಿ ಇಷ್ಟೇ. ನಮ್ಮ ಕಡೆ ಲಗ್ನವಾದ ದಿನವೇ ಗಂಡನ ಮನೆಯವರು ತಾಟಿನ ಅಕ್ಕಿಯ ಮೇಲೆ ಉಂಗುರದಿಂದ ಬರೆಸಿ ಸೊಸೆಗೆ ಹೊಸ ಹೆಸರಿಡುವ ರೂಢಿಯಿತ್ತು. ಅವ್ವನಿಗೂ ಇಟ್ಟರು. ಅಪ್ಪ ನೌಕರಿಗೆ ಸೇರಿದ್ದು ಲಗ್ನವಾದ ಹೊಸದರಲ್ಲಿ. ಹೆಂಡತಿಯ ಹೆಸರು ಹೇಳಿರಿ ಎಂದು ಸಾಹೇಬರು ಕೇಳಿದಾಗ, ಹೊಸ ಹೆಸರು ಇನ್ನೂ ನಾಲಗೆಗೆ ಹೊಂದಿಕೊಂಡಿರಲಿಲ್ಲವಾದ್ದರಿಂದ, ಅವರ ಬಾಯಿಂದ ತವರಿನ ಹೆಸರೇ ಬಂತು. ಸರ್ವಿಸ್ ಬುಕ್ಕಿನಲ್ಲಿ ಅದು ಹಾಗೆಯೇ ಕೂತಿತು. ಮುಂದೆ ರೇಷನ್ ಕಾರ್ಡಿಗೆ, ಮತದಾರರ ಚೀಟಿಗೆ, ಬ್ಯಾಂಕಿಗೆ ಎಲ್ಲ ಕಡೆ ಗಂಡನ ಮನೆಯ ಹೆಸರು ಹೋಯಿತು. ಹೀಗೆ ಕಾಗದದ ಮೇಲೆ ಅಪ್ಪನಿಗೆ ಇಬ್ಬರು ಹೆಂಡತಿಯರಾದರು. ಇಷ್ಟು ವರ್ಷ ಯಾರೂ ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ.

“ನನಗ ಗೊತ್ತೈತ್ರಿ, ಅಕ್ಕಾರು ಒಬ್ರ,” ಎಂದು ಗುಮಾಸ್ತ ಸಮಾಧಾನ ಹೇಳಿದನಂತೆ. “ಆದ್ರ ನಾಳೆ ಮ್ಯಾಲಿನವರು ತಕರಾರು ತಗೀತಾರ. ನೀವು ಒಂದು ಕೆಲಸ ಮಾಡ್ರಿ. ನಿಮ್ಮ ಲಗ್ನಾನ ಅಧಿಕೃತ ಮಾಡಿಸ್ಕೊಂಡು ಬಂದುಬಿಡ್ರಿ. ಎರಡೂ ಹೆಸರು ಒಬ್ಬರದ ಅಂತ ಅದರಾಗ ಬರಲಿ.”

ಮನೆಗೆ ಬಂದ ಅಪ್ಪ ಚಪ್ಪಲಿ ಕಳಚುತ್ತಲೇ ಹೇಳಿದರು, “ನಮ್ಮ ಲಗ್ನಾನ ಅಧಿಕೃತಗೊಳಿಸಬೇಕಂತ.”

ಅವ್ವ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು, “ಹಂಗಂದ್ರ ಏನ್ರಿ?”

“ಹಂಗಂದ್ರ, ಸರಕಾರದ ಪುಸ್ತಕದಾಗ ದಾಖಲು ಮಾಡೂದು.”

“ದಾಖಲು ಮಾಡೂದು ದವಾಖಾನ್ಯಾಗ. ನನಗೇನಾಗೇತಿ?”

ಅಪ್ಪನ ಒಳಗಿನ ಮಾಸ್ತರ ಎಚ್ಚರವಾದ. ಗೋಡೆಗೆ ಒರಗಿ ಕುಳಿತು ಒಂದೊಂದೇ ಶಬ್ದ ತೆಗೆದರು.

“ದೃಢೀಕರಿಸೂದು ಅನ್ನು.”

“ಅದು ಝೆರಾಕ್ಸಿಗೆ. ಮೊನ್ನೆ ಇಕಿ ಮಾರ್ಕ್ಸ್ ಕಾರ್ಡಿಗೆ ಮಾಡಿಸ್ಕೊಂಡು ಬಂದಾಳಲ್ಲ.”

“ಮಂಜೂರು ಮಾಡೂದು.”

“ಅದು ರಜಾಕ್ಕ.”

“ಊರ್ಜಿತಗೊಳಿಸೂದು.”

“ಅದನ್ನ ನಿಮ್ಮ ಸಾಲಿ ಹುಡುಗರಿಗೆ ಹೇಳ್ರಿ.”

“ಆತು, ಖಾಯಂ ಮಾಡೂದು.”

ಅವ್ವನ ಕೈ ಈಗ ನಿಂತಿತು. ಹಿಟ್ಟಿನ ಕೈಯನ್ನು ಸೊಂಟದ ಮೇಲಿಟ್ಟುಕೊಂಡು ಅಪ್ಪನ ಕಡೆ ತಿರುಗಿದಳು. “ಮೂವತ್ತೈದು ವರ್ಷ ಈ ಮನ್ಯಾಗ ನಾ ಟೆಂಪರರಿ ಇದ್ನೇನ್ರಿ?”

ನಾನು ನಕ್ಕು ನಕ್ಕು ನೀರು ನೆತ್ತಿಗೇರಿಸಿಕೊಂಡೆ. ಅಪ್ಪನೂ ನಕ್ಕರು. ಕಡೆಗೆ, “ಪಕ್ಕಾ ಮಾಡೂದು ಅನ್ನು, ಮುಗೀತು,” ಎಂದರು.

“ಹಾಂ, ಇದು ತಿಳೀತು,” ಎಂದಳು ಅವ್ವ. “ಆದ್ರ ಅಕ್ಕಿಕಾಳು ಬಿದ್ದ ದಿವಸನ ಪಕ್ಕಾ ಆಗೇತಲ್ರಿ. ಅದೂ ನನಗೊಬ್ಬಾಕಿಗೇ ಬಿದ್ದುವು.”

“ಶುರುವಾತು ಪುರಾಣ,” ಎಂದು ಅಪ್ಪ ಎದ್ದು ಕೈಕಾಲು ತೊಳೆಯಲು ಹೋದರು.

ಆ ಪುರಾಣ ನನಗೆ ಬಾಯಿಪಾಠವಾಗಿತ್ತು. ಅವ್ವನ ತವರು ರಾಮದುರ್ಗ ತಾಲೂಕಿನ ತೊರಗಲ್. ಲಗ್ನ ಅಲ್ಲಿಯೇ, ಅವರ ಮನೆಯ ಮುಂದಿನ ಹಂದರದಲ್ಲಿ. ಗಂಡಿನ ಕಡೆಯವರು ಲಾರಿಯಲ್ಲಿ ಬರುವಾಗ ಹೊಳೆಯ ಉಸುಕಿನಲ್ಲಿ ಗಾಲಿ ಹೂತುಹೋಗಿ ಮುಹೂರ್ತಕ್ಕೆ ತಡವಾಯಿತು. ಅಕ್ಕಿಕಾಳು ಹಾಕುವ ಹೊತ್ತಿಗೆ, ಅಂದರೆ ಬಂದವರೆಲ್ಲ ವಧೂವರರ ಮೇಲೆ ಅಕ್ಕಿ ಎರಚಿ ಲಗ್ನವಾಯಿತೆಂದು ಒಪ್ಪುವ ಹೊತ್ತಿಗೆ, ಅಪ್ಪ ಇನ್ನೂ ಹಂದರದ ಬಾಗಿಲಲ್ಲಿದ್ದರಂತೆ. ಅಕ್ಕಿಯೆಲ್ಲ ತನ್ನ ಮೇಲೇ ಬಿತ್ತು ಎಂಬುದು ಅವ್ವನ ವಾದ. ಕಡೆಯ ಮುಷ್ಟಿ ನನಗೂ ಬಿತ್ತು ಎಂಬುದು ಅಪ್ಪನದು. ನಾನು ಹುಟ್ಟುವ ಮೊದಲಿನಿಂದ ನಡೆದ ಈ ಜಗಳಕ್ಕೆ ತೀರ್ಪು ಕೊಡುವವರು ಮನೆಯಲ್ಲಿ ಯಾರೂ ಇರಲಿಲ್ಲ.

ಮರುದಿನ ನಳದ ಹತ್ತಿರ ಅವ್ವ ತಾನೇ ಸುದ್ದಿ ಹೇಳಿದಳು. ನೆರೆಮನೆಯ ಹೆಂಗಸರು ಮೊದಲು ಬೆಚ್ಚಿಬಿದ್ದರು, ಆಮೇಲೆ ನಕ್ಕರು, ಆಮೇಲೆ ದಿನಾ ಕೇಳತೊಡಗಿದರು, “ನಿಮ್ಮ ಸವತಿ ಹೆಂಗದಾಳ್ರಿ?”

“ಭಾಳ ಚಲೋ ಅದಾಳ್ರಿ,” ಎನ್ನುತ್ತಿದ್ದಳು ಅವ್ವ ಕೊಡ ಎತ್ತುತ್ತ. “ರೊಟ್ಟಿ ಬಡಿಯಾಕ ನಾನು, ಪೆನ್ಶನ್ ತಗೊಳ್ಳಾಕ ಆಕಿ.”

ಅಪ್ಪ ಸಬ್‌ರಜಿಸ್ಟ್ರಾರ್ ಕಚೇರಿಗೆ ಹೋಗಿ ವಿಚಾರಿಸಿಕೊಂಡು ಬಂದರು. ಲಗ್ನದ ಪತ್ರಿಕೆ ಬೇಕು, ಲಗ್ನದ ಫೋಟೋ ಬೇಕು, ಲಗ್ನಕ್ಕೆ ಬಂದಿದ್ದ ಮೂವರು ಸಾಕ್ಷಿ ಬೇಕು. ನಮ್ಮಲ್ಲಿ ಮೊದಲಿನ ಎರಡೂ ಇರಲಿಲ್ಲ. ಪತ್ರಿಕೆ ಯಾವ ಕಾಲಕ್ಕೋ ಇಲಿಗಳ ಪಾಲಾಗಿತ್ತು. ಫೋಟೋ ತೆಗೆಸಿಯೇ ಇರಲಿಲ್ಲ.

ಪ್ರೆಸ್ಸಿನಲ್ಲಿ ನಾನು ಈ ಮಾತು ಹೇಳಿದಾಗ ನಮ್ಮ ಮಾಲಕರು ಕನ್ನಡಕದ ಮೇಲಿಂದ ನೋಡಿದರು. ಲಗ್ನಪತ್ರಿಕೆಗಳಲ್ಲೇ ತಲೆ ನರೆತ ಮನುಷ್ಯ ಅವರು. ಯಾರಾದರೂ ಬಂದು “ಲಗ್ನ ಪಕ್ಕಾ ಆಗೇತ್ರಿ, ಪತ್ರಿಕಾ ಮಾಡ್ರಿ” ಎಂದರೆ, “ಪಕ್ಕಾ ಅಂದ್ರ ಎಷ್ಟು ಪಕ್ಕಾ?” ಎಂದು ಕೇಳಿಯೇ ಕಾಗದ ಕತ್ತರಿಸುತ್ತಿದ್ದರು. ಸಕ್ಕರೆ ಹಂಚಿದ್ದರೆ ಅರ್ಧ ಪಕ್ಕಾ, ಸೀರೆ ಉಡಿಸಿದ್ದರೆ ಮುಕ್ಕಾಲು, ಪತ್ರಿಕೆ ಅಚ್ಚಾಗಿ ಊರಿಗೆ ಹಂಚಿದ ಮೇಲೇ ಪೂರ್ತಿ ಎಂಬುದು ಅವರ ಲೆಕ್ಕ.

“ಒಂದು ಹಳೇ ನಮೂನಿ ಪತ್ರಿಕಾ ಮಾಡಿ ಕೊಡ್ಲೇನವಾ?” ಎಂದರು. “ಚಹಾದ ನೀರಾಗ ಅದ್ದಿ ಒಣಗಿಸಿದ್ರ ಐವತ್ತು ವರ್ಷದ್ದು ಕಾಣತೈತಿ.”

ನಾನು ಮನೆಗೆ ಬಂದು ಅದನ್ನು ತಮಾಷೆಯಾಗಿ ಹೇಳಿದೆ. ಅಪ್ಪನಿಗೆ ಮಾತ್ರ ಸಿಟ್ಟೇ ಬಂತು. “ಖರೇ ಆದ ಲಗ್ನಕ್ಕ ಖೊಟ್ಟಿ ಪತ್ರಿಕಾ ಯಾಕ ಬೇಕು? ಪತ್ರಿಕಾ ಇಲ್ಲಂತ ಛಾಪಾ ಕಾಗದದ ಮ್ಯಾಲ ಬರ್ದು ಕೊಡ್ತೇನಿ, ಅಷ್ಟ,” ಎಂದರು.

ಫೋಟೋಕ್ಕೆ ದಾರಿಯಿತ್ತು. ಈಗ ಜೋಡಿಯಾಗಿ ತೆಗೆಸಿದ್ದರೂ ನಡೆಯುತ್ತದೆ ಎಂದಿದ್ದರು. ಅಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು, ಬಿಳಿ ಟೋಪಿ ಇಟ್ಟುಕೊಂಡರು. ಅವ್ವ ಟ್ರಂಕಿನಿಂದ ಇಳಕಲ್ ಸೀರೆ ತೆಗೆದಳು. ಸ್ಟುಡಿಯೋದ ತರುಣ ಇಬ್ಬರನ್ನೂ ಬೆಂಚಿನ ಮೇಲೆ ಕೂಡಿಸಿದ. ನಡುವೆ ಇನ್ನೊಬ್ಬರು ಕೂಡುವಷ್ಟು ಜಾಗ ಬಿಟ್ಟು ಕೂತರು.

“ಸ್ವಲ್ಪ ಸಮೀಪ ಬರ್ರಿ ಅಮ್ಮಾರ,” ಎಂದ ಆತ.

ಅವ್ವ ಸೆರಗು ಸರಿಮಾಡಿಕೊಂಡಳೇ ಹೊರತು ಸರಿಯಲಿಲ್ಲ. ಅಪ್ಪನೂ ಸರಿಯಲಿಲ್ಲ. ನಾನು, “ಅವ್ವಾ, ನಡಕ ನಿನ್ನ ಸವತಿಗೆ ಜಾಗಾ ಬಿಟ್ಟಿಯೇನು?” ಎಂದೆ. ಅವ್ವ ಗೊಳ್ಳೆಂದು ನಕ್ಕು ಅಪ್ಪನ ಭುಜಕ್ಕೆ ತಾಗಿದಳು. ಆತ ಅದೇ ಕ್ಷಣ ಬಟನ್ ಒತ್ತಿದ. ಆ ಫೋಟೋದಲ್ಲಿ ಅವ್ವನ ಹಲ್ಲೆಲ್ಲ ಕಾಣುತ್ತವೆ. ಅಪ್ಪ ಟೋಪಿ ಹಿಡಿದುಕೊಂಡಿದ್ದಾರೆ.

ಉಳಿದದ್ದು ಸಾಕ್ಷಿಗಳು. ಒಬ್ಬರು ಸುಲಭವಾಗಿ ಸಿಕ್ಕರು. ಅವ್ವನ ತಮ್ಮ, ನಮ್ಮ ಸೋದರಮಾವ, ಸವದತ್ತಿಯಲ್ಲಿ ಕಿರಾಣಿ ಅಂಗಡಿ ನಡೆಸುತ್ತಿದ್ದ. ಲಗ್ನದಲ್ಲಿ ಶಾಲೆಗೆ ಹೋಗುವ ಹುಡುಗನಾಗಿದ್ದ. ಫೋನ್ ಮಾಡಿದ ಕೂಡಲೇ ಬರುತ್ತೇನೆಂದ. ಎರಡನೆಯವರು ಅಪ್ಪನ ಅಕ್ಕ, ನನ್ನ ಅತ್ತಿ. ಅವರಿದ್ದದ್ದು ಕಿತ್ತೂರಿನಲ್ಲಿ. ಅವರಿಗೆ ಫೋನಿನಲ್ಲಿ ಹೇಳಿದರೆ ನಡೆಯುವುದಿಲ್ಲ, ಎದುರಿಗೆ ಹೋಗಿ ಕರೆಯಬೇಕು ಎಂದು ಅಪ್ಪ ನನ್ನನ್ನು ಕರೆದುಕೊಂಡು ರವಿವಾರ ಬಸ್ಸು ಹತ್ತಿದರು.

ಅತ್ತಿಯ ಮನೆ ಹೆದ್ದಾರಿಗೆ ಹತ್ತಿರ. ಲಾರಿಯೊಂದು ಹೋದರೆ ಅಡುಗೆಮನೆಯ ತಾಟುಗಳು ಸಣ್ಣಗೆ ದನಿ ಮಾಡುತ್ತಿದ್ದವು. ಅವರು ಚಹಾ ಕೊಟ್ಟು, ಅವಲಕ್ಕಿ ಕೊಟ್ಟು, ಅಪ್ಪನ ಮಾತನ್ನೆಲ್ಲ ಪೂರ್ತಿ ಕೇಳಿ, ಕೊನೆಗೆ ಒಂದೇ ಪ್ರಶ್ನೆ ಕೇಳಿದರು, “ಯಾವ ಹೆಸರು ಮುಂದ ಬರತೈತಿ?”

“ಅಂದ್ರ?” ಎಂದರು ಅಪ್ಪ.

“ಆಕಿಗೆ ಈ ಹೆಸರು ಇಟ್ಟಾಕಿ ಯಾರು? ನಾನು. ಅಕ್ಕಿ ಮ್ಯಾಲ ಉಂಗುರಲೆ ನಾನ ಬರಿಸೇನಿ. ಆ ಹೆಸರಲೆನ ಸಂಸಾರ ಮಾಡ್ಯಾಳ ಆಕಿ. ಈಗ ಸರಕಾರದವರ ಮುಂದ ತವರುಮನಿ ಹೆಸರು ಮುಂದ ಮಾಡಿ, ನಾ ಇಟ್ಟದ್ದನ್ನ ಬಾಲಕ್ಕ ಕಟ್ಟಿದ್ರ ನಾ ಬರೂದಿಲ್ಲ.”

ಅಪ್ಪ ಬಹಳ ಹೊತ್ತು ಸಮಜಾಯಿಷಿ ಹೇಳಿದರು. ಅತ್ತಿ ಒಪ್ಪಲೂ ಇಲ್ಲ, ಬರುವುದಿಲ್ಲವೆಂದು ಗಟ್ಟಿಯಾಗಿಯೂ ಹೇಳಲಿಲ್ಲ. ನಾವು ಬಸ್ ಸ್ಟ್ಯಾಂಡಿಗೆ ಹೊರಟಾಗ ಬಾಗಿಲಿಗೆ ಬಂದು, “ಯಾವ ದಿವಸ ಅಂತ ಹೇಳಿ ಕಳಸು. ಮೈಯಾಗ ಹುಷಾರಿದ್ರ ನೋಡ್ತೇನಿ,” ಎಂದರು. ಬಸ್ಸಿನಲ್ಲಿ ಅಪ್ಪ ಖುಷಿಯಾಗಿದ್ದರು. “ಬರ್ತಾಳ ಬಿಡು. ಹೊಸಾ ಸೀರಿ ಉಡಾಕ ಒಂದು ನೆವ ಬೇಕು ಆಕಿಗೆ,” ಎಂದರು.

ಮೂರನೆಯ ಸಾಕ್ಷಿ ಯಾರೆಂಬುದೇ ಚಿಂತೆಯಾಯಿತು. ಲಗ್ನ ನಿಂತು ಮಾಡಿಸಿದ ಹಿರಿಯರು ಯಾರೂ ಉಳಿದಿರಲಿಲ್ಲ. ಅಪ್ಪನ ಗೆಳೆಯರು ಹೊಳೆಯಲ್ಲಿ ಲಾರಿಯ ಹತ್ತಿರವೇ ಉಳಿದು ತಡವಾಗಿ ಬಂದವರು, ಅವರಲ್ಲಿ ಈಗ ಇಬ್ಬರು ಇಲ್ಲ, ಒಬ್ಬರ ಪತ್ತೆ ಇಲ್ಲ. ಆಗ ಅವ್ವನಿಗೆ ಥಟ್ಟನೆ ನೆನಪಾಯಿತು, “ಲಾರಿ ಹೊಡಕೊಂಡು ಬಂದಿದ್ದ ಚಾಚಾ ಇರಬೇಕಲ್ರಿ? ಅವರೂ ನಮ್ಮ ತೊರಗಲ್ಲಿನವರ.”

ಅಪ್ಪನಿಗೆ ಮೈಯಲ್ಲಿ ಚೆನ್ನಾಗಿಲ್ಲದ್ದರಿಂದ ನಾನೂ ಅವ್ವನೂ ಹೊರಟೆವು. ಸವದತ್ತಿಯಲ್ಲಿ ಮಾವನ ಮನೆಯಲ್ಲಿ ಉಂಡು, ರಾಮದುರ್ಗದ ಬಸ್ಸು ಹಿಡಿದು, ತೊರಗಲ್ಲಿನಲ್ಲಿ ಇಳಿದೆವು. ಅಜ್ಜ-ಅಜ್ಜಿ ತೀರಿದ ಮೇಲೆ ಅವ್ವ ಅಲ್ಲಿಗೆ ಹೋದದ್ದೇ ಅಪರೂಪ. ಕೋಟೆಯ ಅಗಸಿ ಬಾಗಿಲು ದಾಟಿ ಓಣಿ ಹಿಡಿದಿದ್ದೆವಷ್ಟೇ, ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಮುದುಕಿ ಕೈ ಹಣೆಗಿಟ್ಟು ನೋಡಿ, ಗಟ್ಟಿಯಾಗಿ ಒಂದು ಹೆಸರು ಕೂಗಿದಳು. ಅದು ಅವ್ವನ ತವರಿನ ಹೆಸರು.

ಆ ಹೆಸರನ್ನು ನಾನು ಕೇಳಿರಲಿಲ್ಲವೆಂದಲ್ಲ. ಆದರೆ ಅದನ್ನು ಯಾರಾದರೂ ಹೀಗೆ ಬೀದಿಯಲ್ಲಿ, ಆಟಕ್ಕೆ ಕರೆಯುವಂತೆ, ಕೂಗಿದ್ದನ್ನು ಕೇಳಿದ್ದು ಅದೇ ಮೊದಲು. ಅವ್ವ “ಓ” ಎಂದು ತಿರುಗಿದಳು. ಮನೆಯಲ್ಲಿ ಅಪ್ಪ ಕರೆದಾಗ, ಅತ್ತಿ ಕರೆದಾಗ ಆಕೆ “ಬಂದ್ನಿರಿ” ಎನ್ನುತ್ತಿದ್ದಳು. ಈ “ಓ” ಬೇರೆಯೇ ಇತ್ತು. ಚಪ್ಪಲಿ ಸದ್ದು ಮಾಡುತ್ತ ಮುದುಕಿಯ ಹತ್ತಿರ ಓಡಿಹೋದಳು. ಮುಂದೆ ಮನೆಮನೆಯಿಂದ ಅದೇ ಹೆಸರು. ನಾನು ಹಿಂದೆ ಚೀಲ ಹಿಡಿದು ನಿಂತು, ಸರ್ವಿಸ್ ಬುಕ್ಕಿನೊಳಗಿನ ಹೆಂಡತಿ ಇವಳೇ ಅಂತ ನಗುತ್ತಿದ್ದೆ. ಯಾಕೋ ಕಣ್ಣು ತುಂಬಿ ಬಂದವು.

ಡ್ರೈವರ್ ಚಾಚಾ ಬಾಗಿಲ ಮುಂದಿನ ಹೊರಸಿನ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದರು. ಬಿಳಿ ಗಡ್ಡ, ದಪ್ಪ ಗಾಜಿನ ಚಷ್ಮಾ. ಅವ್ವ ತಾನು ಯಾರ ಮಗಳೆಂದು ಹೇಳುತ್ತಲೇ ಅವರು ಮೊರ ಬದಿಗಿಟ್ಟು ಎದ್ದುನಿಂತರು.

“ಅಯ್ಯ ನಮ್ಮವ್ವ! ಬಾ ಬಾ. ಎಲ್ಲಿ ಮದಿಮಗ?”

“ಮನ್ಯಾಗದಾರ್ರಿ ಚಾಚಾ. ರಿಟೈರ್ ಆದ್ರು.”

“ರಿಟೈರ್? ಆ ಓಡೋ ಹುಡುಗ?” ಚಾಚಾ ತೊಡೆ ತಟ್ಟಿ ನಕ್ಕರು. ಆಮೇಲೆ ನನ್ನನ್ನು ಪಕ್ಕಕ್ಕೆ ಕೂಡಿಸಿಕೊಂಡು ಆ ದಿನದ ಕಥೆಯನ್ನು ತಮ್ಮ ಕಡೆಯಿಂದ ಹೇಳಿದರು. ಹೊಳೆಯಲ್ಲಿ ನೀರು ಮೊಣಕಾಲಿಗೂ ಇರಲಿಲ್ಲವಂತೆ. ದಾರಿ ಬಿಟ್ಟು ಬಲಕ್ಕೆ ಹೊಡಿ ಎಂದು ಗಂಡಿನ ಕಡೆಯ ಯಾರೋ ಶಾಣ್ಯಾ ಹೇಳಿದ. ಹೊಡೆದರು. ಗಾಲಿ ಕೂತಿತು. ಮುಂದೆ ಎತ್ತು ತರಿಸಿದರು, ಹಲಗೆ ಹಾಕಿದರು, ಏನೂ ಆಗಲಿಲ್ಲ. ಅಷ್ಟರಲ್ಲಿ ಹಂದರದಿಂದ ಬಾಜಾದ ಸದ್ದು ಕೇಳಿಬಂತು.

“ನಿಮ್ಮಪ್ಪ ಏನು ಮಾಡಿದಾ ಗೊತ್ತೈತೇನು? ಬಾಸಿಂಗ ಕೈಯಾಗ ಹಿಡ್ಕೊಂಡು, ಧೋತರ ಕಚ್ಚಿ ಮ್ಯಾಲಕ್ಕೆತ್ತಿ, ಲಾರಿಯಿಂದ ಜಿಗದಾ ನೋಡು. ಓಡಿದಾ! ಅವನ ಹಿಂದ ನಾಯಿ ಎರಡು ಓಡಿದುವು. ನಾ ಕೂಗಿದೆ, ಏ ಮದಿಮಗಾ, ಚಪ್ಪಲ್ ಬಿಟ್ಟು ಹೊಂಟಿ! ಅಂವ ಹೊಳ್ಳಿ ನೋಡಲಿಲ್ಲ.”

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದಳು. ಮೂವತ್ತೈದು ವರ್ಷ ಆಕೆಗೆ ಗೊತ್ತಿದ್ದದ್ದು ಹಂದರದ ಬಾಗಿಲಿಗೆ ತಡವಾಗಿ ಬಂದ ಗಂಡ ಮಾತ್ರ. ಬರಿಗಾಲಲ್ಲಿ ಉಸುಕಿನಲ್ಲಿ ಓಡಿದ ಗಂಡನ ಸುದ್ದಿಯನ್ನು ಅಪ್ಪ ಎಂದೂ ಹೇಳಿರಲಿಲ್ಲ. ಮರ್ಯಾದೆ ಹೋದೀತೆಂದು ಇರಬೇಕು.

“ಚಪ್ಪಲ್ ಇಲ್ದನ ಓಡಿದ್ರು?” ಎಂದು ಅವ್ವ ಇನ್ನೊಮ್ಮೆ ಕೇಳಿದಳು.

“ಹೂಂನವಾ. ಚಪ್ಪಲ್ ಮರುದಿನ ನಾನ ತಂದು ಕೊಟ್ಟೇನಿ.”

ಸಾಕ್ಷಿಗೆ ಬರಬೇಕೆಂದು ಕೇಳಿದಾಗ ಚಾಚಾ ಎರಡನೆಯ ಮಾತಾಡಲಿಲ್ಲ. “ನನ್ನ ಮಗ ಟ್ರ್ಯಾಕ್ಸ್ ಗಾಡಿ ಹೊಡೀತಾನ. ಅಂವನ್ನ ಕರಕೊಂಡು ನಾನ ಬರ್ತೇನಿ. ಬರೋವಾಗ ಸವದತ್ತ್ಯಾಗ ನಿನ್ನ ತಮ್ಮನ್ನೂ ಹತ್ತಿಸ್ಕೋತೇನಿ. ಈ ಸಲ ತಡಾ ಆಗೂದಿಲ್ಲ,” ಎಂದರು.

ಅವರ ಮಾತಿನಂತೆ ನೋಂದಣಿಯ ದಿನ ಕಚೇರಿ ಬಾಗಿಲು ತೆರೆಯುವ ಮೊದಲೇ ಟ್ರ್ಯಾಕ್ಸ್ ಬಂದು ನಿಂತಿತು. ಮುಂದಿನ ಸೀಟಿನಲ್ಲಿ ಚಾಚಾ, ಬಿಳಿ ಜುಬ್ಬಾ, ಹೊಸ ಟೋಪಿ. ಹಿಂದೆ ಮಾವ, ಒಂದು ಪುಟ್ಟಿ ಪೇಢೆ ಹಿಡಿದುಕೊಂಡು. ದಾರಿಯುದ್ದಕ್ಕೂ ಚಾಚಾ ಗೇರ್ ಬದಲಿಸುವುದನ್ನು ಮಗನಿಗೆ ಹೇಳಿಕೊಡುತ್ತಿದ್ದರೆಂದು ಮಾವ ನನ್ನ ಕಿವಿಯಲ್ಲಿ ಹೇಳಿದ. ಅಪ್ಪ ಚಾಚಾರನ್ನು ನೋಡಿ ಕೈಮುಗಿಯಲು ಹೋದರು. ಚಾಚಾ ಅವರನ್ನು ಎಳೆದು ತಬ್ಬಿಕೊಂಡು, “ಮದಿಮಗಾ, ಚಪ್ಪಲ್ ಅದಾವಿಲ್ಲೋ ಕಾಲಾಗ?” ಎಂದರು. ಅಪ್ಪ ಅವ್ವನ ಕಡೆ ನೋಡಿದರು. ಅವ್ವ ಬೇರೆ ಕಡೆ ನೋಡಿ ನಕ್ಕಳು.

ಅತ್ತಿ ಬರುತ್ತಾರೋ ಇಲ್ಲವೋ ಎಂದು ಎಲ್ಲರೂ ರಸ್ತೆ ನೋಡುತ್ತ ನಿಂತಿದ್ದೆವು. ಹೊಸ ಸೀರೆ ಉಟ್ಟು, ಮೊಮ್ಮಗನ ಮೋಟರ್ ಸೈಕಲ್ಲಿನ ಹಿಂದೆ ಕುಳಿತು, ಮುಖ ಬಿಗಿದುಕೊಂಡು ಅವರೂ ಬಂದಿಳಿದರು.

ಸಬ್‌ರಜಿಸ್ಟ್ರಾರ್ ಒಬ್ಬ ತರುಣಿ. ಆ ಕಚೇರಿಗೆ ಹೊಸದಾಗಿ ಬಂದಿದ್ದರು. ಅಪ್ಪನ ಹಳೆಯ ವಿದ್ಯಾರ್ಥಿಯಾಗಲಿ, ಗುರುತಿನವರಾಗಲಿ ಅಲ್ಲ. ಕಾಗದ ಓದಿ, ಸ್ಟುಡಿಯೋದ ಫೋಟೋ ನೋಡಿ ತುಟಿ ಕಚ್ಚಿ ನಗು ತಡೆದುಕೊಂಡರು. ಆಮೇಲೆ ಒಬ್ಬೊಬ್ಬರನ್ನಾಗಿ ಕೇಳಿದರು.

ಮಾವ ಮೊದಲು. “ನೋಡೇನ್ರಿ ಮೇಡಂ, ಕಣ್ಣಾರೆ ನೋಡೇನಿ. ಭಾವ ಬರೋದು ತಡಾ ಆಗಿತ್ತು. ನನ್ನ ಅಕ್ಕಿಕಾಳು ಅವರ ಮೂಗಿಗೆ ಬಡದುವು.”

“ಏನೂ ತಡಾ ಆಗಿರಲಿಲ್ಲ,” ಎಂದರು ಅತ್ತಿ ನಡುವೆ. “ನಿಮ್ಮ ಕಡಿಯವರ ಗಡಿಬಿಡಿ ಮಾಡಿದ್ರು.”

“ಅಮ್ಮಾರ, ತಡಾ ಆದದ್ದು ನಮಗ ಬ್ಯಾಡ್ರಿ,” ಎಂದರು ಅಧಿಕಾರಿ. “ಲಗ್ನ ಆತೋ ಇಲ್ಲೋ ಅಷ್ಟ ಹೇಳ್ರಿ.”

“ಆಗದ ಏನ್ರಿ? ಆಕಿಗೆ ಹೆಸರು ಇಟ್ಟಾಕಿ ನಾನ!”

ಕೊನೆಗೆ ಚಾಚಾ. ಅಧಿಕಾರಿ ಕೇಳಿದರು, “ಅಜ್ಜಾರ, ಇವರ ಲಗ್ನ ಆಗೂದನ್ನ ನೀವು ನೋಡೀರೇನು?”

“ಇಲ್ರಿ,” ಎಂದರು ಚಾಚಾ.

ಅಪ್ಪ ಥಟ್ಟನೆ ಚಾಚಾರ ಕಡೆ ತಿರುಗಿದರು. ಇಷ್ಟು ದೂರ ಬಂದು, ಈ ಒಂದು ಮಾತಿಗೆ ಎಲ್ಲ ನಿಂತುಹೋದರೆ?

“ನೋಡಿಲ್ಲ?” ಎಂದರು ಅಧಿಕಾರಿ.

“ಇಲ್ರಿ ಬೇಟಿ. ಸುಳ್ಳ ಯಾಕ ಹೇಳಲಿ? ಅಕ್ಕಿಕಾಳು ಬೀಳೋ ಹೊತ್ತಿಗೆ ನಾ ಹೊಳ್ಯಾಗ ಲಾರಿ ಜೋಡಿ ಇದ್ನಿ. ಆಮ್ಯಾಲ ಬಂದು ಊಟ ಮಾಡೇನಿ. ಮಾದಲಿ ಇತ್ತು, ಮ್ಯಾಲೆ ತುಪ್ಪ ಹಾಕಿದ್ರು.” ಚಾಚಾ ಚಷ್ಮಾ ಸರಿಮಾಡಿಕೊಂಡರು. “ಆದ್ರ ಒಂದು ಹೇಳ್ತೇನಿ ಕೇಳ್ರಿ. ಹೋಗೋವಾಗ ನನ್ನ ಬಾಜೂಕ ಈ ಹುಡುಗ ಒಬ್ಬಾವ ಕುಂತಿದ್ದಾ. ಮರುದಿನ ಬರೋವಾಗ ಇವರಿಬ್ರೂ ನನ್ನ ಬಾಜೂಕ, ಮುಂದ ಕ್ಯಾಬಿನ್ನಾಗ ಕುಂತಿದ್ರು. ಈಕಿ ದಾರಿತುಂಬ ಅತ್ತು ನನ್ನ ಟವೆಲ್ ತೊಯಿಸಿದ್ಲು. ನಮ್ಮೂರ ಮಗಳನ್ನ ಲಗ್ನ ಇಲ್ದ ಯಾರು ಕಳಸ್ತಿದ್ರು, ಮತ್ತ ನಾ ಹೆಂಗ ಕರಕೊಂಡು ಬರ್ತಿದ್ನಿ?”

ಅಧಿಕಾರಿ ಪೆನ್ನು ಕೆಳಗಿಟ್ಟು ನಕ್ಕರು. ಬಾಯಿ ಮುಚ್ಚಿಕೊಳ್ಳಲಿಲ್ಲ, ಈ ಸಲ ಪೂರ್ತಿ ನಕ್ಕರು. “ಸಾಕ್ರಿ ಅಜ್ಜಾರ. ಮದುವಿಗೆ ಹಾಜರಿದ್ರಿ ಅಂತ ಆತು. ಉಂಡೀರಿ ಅಂದ್ರ ಹಾಜರ,” ಎಂದು ಸಹಿಯ ಜಾಗ ತೋರಿಸಿದರು.

ಇನ್ನು ಹೆಸರಿನ ಮಾತು. ಅವ್ವನ ಶಾಲೆಯ ದಾಖಲೆಯಲ್ಲಿದ್ದ ತವರಿನ ಹೆಸರು ಮೊದಲು ಬರೆದು, ಮುಂದೆ “ಉರ್ಫ್” ಎಂದು ಹಾಕಿ, ಗಂಡನ ಮನೆಯ ಹೆಸರು ಬರೆಯುತ್ತೇವೆ ಎಂದರು ಅಧಿಕಾರಿ. ಅತ್ತಿಯ ಮುಖ ಬಾಗಿಲ ಕಡೆ ತಿರುಗಿತು. ಅಪ್ಪ ಕೆಮ್ಮಿದರು. ಆಗ ಅವ್ವ ಅತ್ತಿಯ ಕೈ ಹಿಡಿದುಕೊಂಡು ಹೇಳಿದಳು, “ಅಕ್ಕಾರ, ಕಾಗದದಾಗ ಯಾವದರೆ ಮುಂದ ಇರ್ಲಿ. ಮನ್ಯಾಗ ದಿನಾ ಕರಿಯೂದು ನೀವು ಇಟ್ಟದ್ದನ. ಆ ಹೆಸರಿಗೆ ನಾ ಎಂದರೆ ಒಲ್ಲೆ ಅಂದೇನೇನ್ರಿ?”

ಅತ್ತಿ ಮತ್ತೆ ಮೇಜಿನ ಕಡೆ ಹೊರಳಿದರು. ಆಮೇಲೆ, “ಬರೀರಿ, ಬರೀರಿ. ಅಕ್ಷರ ಮಾತ್ರ ಸಣ್ಣವು ಮಾಡಬ್ಯಾಡ್ರಿ,” ಎಂದರು.

ಅವ್ವ ನಾಲ್ಕನೆಯ ಇಯತ್ತೆಯವರೆಗೆ ಓದಿದ್ದಳು. ಬ್ಯಾಂಕಿನಲ್ಲಿ ಸಹಿ ಮಾಡುವಾಗ ಪೆನ್ನನ್ನು ಬಿಗಿಯಾಗಿ ಹಿಡಿದು ಅವಸರದಿಂದ ಗೀಚುತ್ತಿದ್ದಳು. ಇಲ್ಲಿ ಕುರ್ಚಿ ಎಳೆದು ಕುಳಿತು, ಮೊದಲು ತವರಿನ ಹೆಸರನ್ನು ದುಂಡಗೆ ಬರೆದಳು. “ಉರ್ಫ್ ಹೆಂಗ ಬರೀತಾರ?” ಎಂದು ಅಪ್ಪನನ್ನು ಕೇಳಿದಳು. ಅಪ್ಪ ಬಗ್ಗಿ, ಅರ್ಕಾವೊತ್ತು ಎಲ್ಲಿ ಬರಬೇಕೆಂದು ಬೆರಳಿನಿಂದ ಮೇಜಿನ ಮೇಲೆ ಬರೆದು ತೋರಿಸಿದರು. ಆಮೇಲೆ ಎರಡನೆಯ ಹೆಸರನ್ನೂ ಅಷ್ಟೇ ದುಂಡಗೆ ಬರೆದಳು. ಗುಮಾಸ್ತರು ಶಿಕ್ಕಾ ಹೊಡೆದರು. ಮಾವ ಅಲ್ಲಿಯೇ ಪೇಢೆ ಹಂಚಿದ.

ಆ ಮಧ್ಯಾಹ್ನ ಎಲ್ಲರೂ ನಮ್ಮ ಮನೆಯಲ್ಲಿ ಊಟಕ್ಕೆ ಕೂತರು. ಅವ್ವ ಮುಂಜಾನೆಯೇ ಗೋಧಿ-ಬೆಲ್ಲದ ಮಾದಲಿ ಮಾಡಿಟ್ಟಿದ್ದಳು. ಬಡಿಸುವಾಗ ಅಪ್ಪನ ತಾಟಿಗೆ ತುಪ್ಪ ಎಲ್ಲರಿಗಿಂತ ಹೆಚ್ಚು ಬಿತ್ತು. ಅಪ್ಪ ಗಾಬರಿಯಾಗಿ ತಲೆ ಎತ್ತಿದರು.

“ಚಪ್ಪಲ್ ಬಿಟ್ಟು ಓಡಿದ್ದು ನನಗ ಯಾಕ ಹೇಳಿರಲಿಲ್ರಿ?” ಎಂದಳು ಅವ್ವ.

“ಅದನ್ನೇನು ಹೇಳೂದು,” ಎಂದು ಅಪ್ಪ ತಾಟಿನ ಕಡೆ ನೋಡಿದರು. ಅಕ್ಕಿಕಾಳಿನ ಜಗಳ ಆ ದಿನದಿಂದ ನಮ್ಮ ಮನೆಯಲ್ಲಿ ಕೇಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೇಳಿತು, ಆದರೆ ಅವ್ವ ಅದನ್ನು ಶುರು ಮಾಡುವಾಗಲೇ ನಗುತ್ತಿದ್ದಳು.

ಪೆನ್ಶನ್ ಕಾಗದಗಳು ಮುಂದೆ ತಕರಾರಿಲ್ಲದೆ ಸಾಗಿದವು. ಎರಡು ವರ್ಷ ಕಳೆದು ನನ್ನ ಲಗ್ನ ಗೊತ್ತಾಯಿತು, ರಾಮದುರ್ಗದ ಮನೆತನಕ್ಕೆ. ಪತ್ರಿಕೆಯನ್ನು ನಾನೇ ಟೈಪ್ ಮಾಡಿದೆ, ನಮ್ಮ ಮಾಲಕರು ಅಚ್ಚು ಹಾಕಿದರು. ಅಕ್ಕಿಕಾಳು ಇಬ್ಬರ ಮೇಲೂ ಸಮನಾಗಿ ಬಿದ್ದವು. ಗಂಡನ ಮನೆಯವರು ರೂಢಿಯಂತೆ ತಾಟಿನಲ್ಲಿ ಅಕ್ಕಿ ಹರವಿ, ಉಂಗುರ ತಂದು, ನನಗೆ ಯಾವ ಹೆಸರು ಇಡುವುದೆಂದು ಮಾತಿಗೆ ತೊಡಗಿದಾಗ ಅವ್ವ ಮೆಲ್ಲಗೆ ಮುಂದೆ ಬಂದಳು.

“ಬೀಗರ, ಸಿಟ್ಟಾಗಬ್ಯಾಡ್ರಿ. ನಮ್ಮ ಹುಡುಗಿಗೆ ಇದ್ದ ಹೆಸರ ಇರ್ಲಿ. ಎರಡು ಹೆಸರಿನ ತ್ರಾಸು ನನಗ ಗೊತ್ತೈತಿ. ನಾಳೆ ಇವರಿಬ್ಬರನ್ನೂ ಕರಕೊಂಡು ಸಬ್‌ರಜಿಸ್ಟ್ರಾರ್ ಆಫೀಸಿಗೆ ಹೋಗಿ ಪಕ್ಕಾ ಮಾಡಿಸಿಬಿಡೂಣು,” ಎಂದಳು.

ನನ್ನ ಅತ್ತಿ ಬಾಯಿ ತೆರೆಯುವುದರಲ್ಲಿದ್ದರು, ಅಪ್ಪ ಕಣ್ಣಲ್ಲೇ ಬೇಡವೆಂದರು. ನನ್ನ ಅತ್ತೆ, ಅಂದರೆ ಗಂಡನ ತಾಯಿ, ಕೈಯಲ್ಲಿದ್ದ ಉಂಗುರವನ್ನು ತಾಟಿನ ಅಕ್ಕಿಯ ಮೇಲೆ ಇಟ್ಟರು. ಬಳಿಕ ಅವ್ವನ ಹತ್ತಿರ ಸರಿದು, ಯಾರಿಗೂ ಕೇಳಬಾರದೆಂಬಂತೆ, ಆದರೆ ನನಗೆ ಸ್ಪಷ್ಟವಾಗಿ ಕೇಳುವಂತೆ ಹೇಳಿದರು, “ಹಂಗಾದ್ರ ನಾಳೆ ನಮ್ಮದೂ ಮಾಡಿಸೂಣಲ್ರಿ. ನನ್ನ ಮೊದಲಿನ ಹೆಸರು ನಮ್ಮ ಮನ್ಯಾಗ ಯಾರಿಗೂ ಗೊತ್ತೇ ಇಲ್ಲ.”

ಅವ್ವ ಅವರನ್ನು ಪಕ್ಕಕ್ಕೆ ಕರೆದು ಕೂಡಿಸಿಕೊಂಡು ಕೇಳಿದಳು, “ನಿಮ್ಮ ಲಗ್ನಕ್ಕ ಬಂದವರು ಯಾರ್‍ಯಾರು ಅದಾರ, ಹೇಳ್ರಿ ನೋಡೂಣು.”